ದುಭಾಷಿ ರಾಜಲಕ್ಷ್ಮಿ ಸಹಿ ಹಾಕದ ಮಾತು

ಕಾಸರಗೋಡಿನ ಕುಂಬಳೆಯ ಕಡೆಯಿಂದ ಸರ್ಕಾರಿ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದವಳಿಗೆ ರಷ್ಯನ್ ಭಾಷೆ ಯಾಕೆ ಬೇಕಿತ್ತು ಎಂದು ರಾಜಲಕ್ಷ್ಮಿಯನ್ನು ಕೇಳದವರಿಲ್ಲ. ಅದಕ್ಕೆ ಅವಳ ಹತ್ತಿರ ದೊಡ್ಡ ಉತ್ತರವೇನೂ ಇರಲಿಲ್ಲ. ಮದುವೆಗೆ ಮೊದಲು ಅಲ್ಲಿನ ಪಟ್ಟಂನ ಹಾಸ್ಟೆಲ್‌ನಲ್ಲಿದ್ದಾಗ ಆಫೀಸು ಬಿಟ್ಟ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಕೋಣೆಯ ಜೊತೆಗಾತಿ ಸಂಜೆಯ ರಷ್ಯನ್ ತರಗತಿಗೆ ಸೇರಿದಳು, ಇವಳೂ ಸೇರಿದಳು. ಜೊತೆಗಾತಿ ಬೇಗನೆ ಬಿಟ್ಟಳು, ಇವಳಿಗೆ ಬಿಡಲಾಗಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಶಾಲೆಯ ಅಂಗಳದಲ್ಲಿ ಮಲಯಾಳ ಕೇಳಿ ಬೆಳೆದವಳಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ. ಮುಂದೆ ರಷ್ಯಾಕ್ಕೆ ವೈದ್ಯಕೀಯ ಓದಲು ಹೋಗುವ ಮಕ್ಕಳ ಪ್ರಮಾಣಪತ್ರಗಳನ್ನು ಅವಳೇ ಅನುವಾದಿಸಿ ಕೊಡುತ್ತಿದ್ದಳು.

ಅವಳ ಗಂಡ ಕೃಷ್ಣಕುಮಾರ್ ಕೂಡ ಕಾಸರಗೋಡಿನವನೇ. ಕೊಚ್ಚಿ ನಗರದ ಎರ್ನಾಕುಳಂನ ಹೈಕೋರ್ಟಿನಲ್ಲಿ ಸರ್ಕಾರಿ ವಕೀಲನಾಗಿದ್ದ. ಅಲ್ಲೇ ವೈಟ್ಟಿಲದ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಅವನು, ಪಟ್ಟಂನ ಕ್ವಾರ್ಟರ್ಸಿನಲ್ಲಿ ಮಗಳು ಅನನ್ಯಳ ಜೊತೆ ಇವಳು. ಶನಿವಾರ ಭಾನುವಾರ ರೈಲು ಹತ್ತಿ ಒಬ್ಬರು ಇನ್ನೊಬ್ಬರ ಊರಿಗೆ ಹೋಗುವುದು ಆ ಸಂಸಾರದ ರೂಢಿಯಾಗಿತ್ತು. ಕೆಲಸದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಸರ್ಕಾರದ ಪರವಾಗಿ ಎದ್ದು ನಿಂತು ಮಾತಾಡುವುದೆಂದರೆ ಅವನಿಗೆ ಹೆಮ್ಮೆ.

2003ರಲ್ಲಿ ಕೊಚ್ಚಿ ಬಂದರಿಗೆ ಬಂದ ಹಡಗೊಂದರ ನಾವಿಕನನ್ನು ಪೊಲೀಸರು ಹಿಡಿದರು. ಬಾಲ್ಟಿಕ್ ಸಮುದ್ರದ ದಡದ ಒಂದು ಪುಟ್ಟ ದೇಶದ ರಷ್ಯನ್ ಮನೆಮಾತಿನವನು, ಹೆಸರು ವಿಕ್ಟರ್. ಹಡಗಿನಿಂದ ಮಾದಕ ವಸ್ತು ಇಳಿಸುತ್ತಿದ್ದಾನೆಂಬ ಅನುಮಾನ. ಅವನಿಗೆ ರಷ್ಯನ್ ಬಿಟ್ಟರೆ ಬೇರೆ ಭಾಷೆಯಲ್ಲಿ ನಾಲ್ಕು ಮಾತು ಬಾರದು. ದುಭಾಷಿ ಬೇಕೆಂದು ಪೊಲೀಸರು ಹುಡುಕುವಾಗ ಹೆಂಡತಿಯ ಹೆಸರು ಹೇಳಿದವನು ಕೃಷ್ಣಕುಮಾರನೇ. ಅವಳ ವಿದ್ಯೆ ಸರ್ಕಾರಕ್ಕೆ ಉಪಯೋಗವಾಗಲಿ ಎಂಬ ಆಸೆ ಅವನದು.

ಅವಳು ರಜೆ ಹಾಕಿ ಕೊಚ್ಚಿಗೆ ಬಂದ ಮೊದಲ ದಿನ ಠಾಣೆಯಲ್ಲಿ ಎಲ್ಲವೂ ಮರ್ಯಾದೆಯಿಂದಲೇ ನಡೆಯಿತು. ಎತ್ತರದ, ಕೆಂಪು ಮುಖದ ವಿಕ್ಟರ್ ಕೇಳಿದ್ದಕ್ಕೆಲ್ಲ ತನಗೆ ಗೊತ್ತಿಲ್ಲ ಎಂದ. ಇನ್‌ಸ್ಪೆಕ್ಟರ್ ನಗುತ್ತಲೇ ಅವಳಿಗೆ ಚಹಾ ತರಿಸಿಕೊಟ್ಟು, ನಾಡಿದ್ದು ಮತ್ತೆ ಬನ್ನಿ ಎಂದು ಕಳಿಸಿದ.

ಮೂರನೆಯ ದಿನ ಹೋದಾಗ ವಿಕ್ಟರ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಪಾದಗಳು ಊದಿ, ಅಂಗಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಮುಂದಿಟ್ಟ ಚಹಾದ ಲೋಟವನ್ನು ಹಿಡಿಯಲು ಹೋಗಿ, ಬೆರಳು ಮಡಚಲಾಗದೆ, ಎರಡೂ ಮಣಿಕಟ್ಟುಗಳ ನಡುವೆ ಅದನ್ನು ಎತ್ತಲು ನೋಡಿದ. ರಾಜಲಕ್ಷ್ಮಿ ಲೋಟವನ್ನು ಅವನ ಬಾಯಿಗೆ ಹಿಡಿದಳು. ಕುಡಿದು ಮುಗಿಸಿ ಅವನು ರಷ್ಯನ್‌ನಲ್ಲಿ ಮೆಲ್ಲನೆ ಕೇಳಿದ: "ಇಲ್ಲಿನ ಭಾಷೆಯಲ್ಲಿ 'ಸಾಕು' ಅನ್ನೋದಕ್ಕೆ ಏನು ಹೇಳ್ತಾರೆ? ನಿನ್ನೆ ಹೇಳಬೇಕಾಗಿತ್ತು. ನನಗೆ ಗೊತ್ತಿರಲಿಲ್ಲ."

"ಮದಿ," ಎಂದಳು ಅವಳು. ಅವನು ತುಟಿಯಲ್ಲೇ ಆ ಮಲಯಾಳ ಶಬ್ದವನ್ನು ಹೇಳಿಕೊಂಡು ಕಲಿತ.

ಇನ್‌ಸ್ಪೆಕ್ಟರ್ ಎರಡು ಕಾಗದ ಮುಂದಿಟ್ಟ. ಒಂದು, ವಿಕ್ಟರ್ ಅಪರಾಧ ಒಪ್ಪಿಕೊಂಡದ್ದು. ಇನ್ನೊಂದು, ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತನಗೆ ಪೆಟ್ಟಾಯಿತು ಎಂದು ಅವನೇ ಹೇಳಿದ್ದು. ಆರೋಪಿಯ ಮಾತನ್ನೇ ಸರಿಯಾಗಿ ಅನುವಾದಿಸಿದ್ದೇನೆ ಎಂದು ಎರಡರ ಕೆಳಗೂ ರಾಜಲಕ್ಷ್ಮಿ ಸಹಿ ಮಾಡಬೇಕಿತ್ತು. ಅವಳು ಎರಡನ್ನೂ ಓದಿದಳು. ಅವನು ಹೀಗೆ ಹೇಳಿದ್ದನ್ನು ನಾನು ಕೇಳಲಿಲ್ಲ, ಕೇಳದ್ದಕ್ಕೆ ಸಹಿ ಹಾಕುವುದು ಹೇಗೆ ಎಂದಳು. ಇನ್‌ಸ್ಪೆಕ್ಟರ್ ಸಿಟ್ಟಾಗಲಿಲ್ಲ. ಮೇಡಂ ಬಹಳ ಓದಿದವರು, ಮನೆಗೆ ಹೋಗಿ ಯಜಮಾನರ ಹತ್ತಿರ ಕೇಳಿಕೊಂಡು ಬನ್ನಿ ಎಂದ. ಅವಳು ಹೊರಟು ಬಂದಳು.

ಸುದ್ದಿ ಬೇಗನೆ ಹೊರಬಿತ್ತು. ಜಾಮೀನು ಸಿಕ್ಕ ಮೇಲೆ ಹಡಗಿನ ಕಂಪನಿಯವರು ವಿಕ್ಟರನನ್ನು ವೈದ್ಯರಿಗೆ ತೋರಿಸಿದರು. ಅವನ ಪಾದಗಳ ಚಿತ್ರ ಅವನ ದೇಶದ ಪತ್ರಿಕೆಗಳಲ್ಲಿ ಬಂತು. ಅಲ್ಲಿನ ಸರ್ಕಾರ ವಿವರಣೆ ಕೇಳಿತು. ಇಲ್ಲಿಂದ ಹೋದ ಉತ್ತರ ಚಿಕ್ಕದು: ಅಂಥದ್ದೇನೂ ನಡೆದಿಲ್ಲ, ನಮ್ಮ ದೇಶದ ಠಾಣೆಗಳಲ್ಲಿ ಚಿತ್ರಹಿಂಸೆ ಎಂಬುದೇ ಇಲ್ಲ, ಇದು ದೇಶದ ಹೆಸರು ಕೆಡಿಸುವ ಹುನ್ನಾರ. ಎರ್ನಾಕುಳಂನ ವಕೀಲರೊಬ್ಬರು ಹೈಕೋರ್ಟಿನಲ್ಲಿ ಅರ್ಜಿ ಹಾಕಿದರು. ಆ ಕೇಸಿನ ಫೈಲು ಸರ್ಕಾರದ ಪರವಾಗಿ ಬಂದದ್ದು ಕೃಷ್ಣಕುಮಾರನ ಮೇಜಿಗೆ. ಹೆಂಡತಿ ಸಾಕ್ಷಿಯಾಗಬಹುದಾದ ಕೇಸು ತನಗೆ ಬೇಡವೆಂದು ಅವನು ಅದನ್ನು ಸಹೋದ್ಯೋಗಿಗೆ ದಾಟಿಸಿದ. ಆದರೆ ಮೇಲಿನವರು ಅವನನ್ನು ಕರೆಸಿ, ಮನೆಯವರಿಗೆ ಸ್ವಲ್ಪ ತಿಳಿಸಿ ಹೇಳಿ ಎಂದರು.

ಆ ಭಾನುವಾರ ಊಟವಾದ ಮೇಲೆ ಅವನು ಮಾತು ತೆಗೆದ. ಅವಳು ಎಲೆಕೋಸು ಹೆಚ್ಚುತ್ತ ಕೂತಿದ್ದಳು.

"ನೀನು ಕಂಡದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ ರಾಜಿ," ಎಂದ. "ಆದ್ರೆ ಪೊಲೀಸರನ್ನು ಸರಿ ಮಾಡ್ಲಿಕ್ಕೆ ನಮ್ಮಲ್ಲೇ ದಾರಿ ಉಂಟು. ಹೊರಗಿನವರ ಎದುರು ಯಾಕೆ? ನಾಳೆ ಅವರ ಪೇಪರಿನಲ್ಲಿ ಬರ್ತದೆ, ಭಾರತದವಳೇ ಹೇಳಿದ್ಲು ಅಂತ."

"ಹೇಳದಿದ್ರೆ ಎಂತ ಬರ್ತದೆ?"

"ಎಂತದೂ ಬರುವುದಿಲ್ಲ. ಮರೀತಾರೆ."

ರಾಜಲಕ್ಷ್ಮಿ ಚಾಕು ಕೆಳಗಿಟ್ಟಳು. "ಆ ಕಾಲಿನ ಚಿತ್ರ ಅವನ ಊರಿಗೆ ಹೋಗಿಯಾಗಿದೆಯಲ್ಲ," ಎಂದಳು. "ಅವನ ಮನೆಯವರು ನೋಡ್ತಾರೆ, ನೆರೆಯವರು ನೋಡ್ತಾರೆ. ಅದನ್ನು ನೋಡಿದವರಿಗೆಲ್ಲ ನಮ್ಮ ಉತ್ತರವೂ ಗೊತ್ತುಂಟು. ಇನ್ನು ನಾವು ಎಂತ ಹೇಳಿದ್ರೂ ಅವರು ನಂಬ್ತಾರಾ?"

ಕೃಷ್ಣಕುಮಾರ್ ಎದ್ದು ಹೋಗಿ ಜಗಲಿಯಲ್ಲಿ ಕೂತ.

ಹೈಕೋರ್ಟು ವಿಚಾರಣೆಗೆಂದು ಒಬ್ಬ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸಿತು. ರಾಜಲಕ್ಷ್ಮಿ ಅವರ ಮುಂದೆ ಹೋಗಿ, ಕಂಡದ್ದನ್ನೂ ಕೇಳಿದ್ದನ್ನೂ ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ ಎಂಬಂತೆ ಹೇಳಿದಳು. ಸರ್ಕಾರದ ವಕೀಲ ಅವಳ ರಷ್ಯನ್ ಎಷ್ಟರ ಮಟ್ಟಿನದು, ಅವಳಿಗೆ ವಿದೇಶಿಯರ ಸ್ನೇಹ ಎಷ್ಟು ದಿನದಿಂದ ಎಂದೆಲ್ಲ ಕೇಳಿದ. ಅಷ್ಟರಲ್ಲಿ ವಿಕ್ಟರ್ ಮೇಲಿನ ಆರೋಪಕ್ಕೆ ಆಧಾರ ಸಿಗದೆ ಅವನನ್ನು ಊರಿಗೆ ಕಳಿಸಿದರು. ಪೆಟ್ಟು ತಿಂದವನೇ ಇಲ್ಲಿಲ್ಲ ಎಂಬ ಕಾರಣಕ್ಕೆ ಅರ್ಜಿ ಮುಚ್ಚಿಹೋಯಿತು. ಸರ್ಕಾರದ ಮಾತು ಹಾಗೆಯೇ ನಿಂತಿತು: ಅಂಥದ್ದೇನೂ ನಡೆದಿಲ್ಲ.

ಆಮೇಲಿನ ದಿನಗಳು ಸುಲಭದವಲ್ಲ. ರಾಜಲಕ್ಷ್ಮಿಗೆ ಇಡುಕ್ಕಿಯ ಬೆಟ್ಟದ ಮೇಲಿನ ಒಂದು ಕಚೇರಿಗೆ ವರ್ಗವಾಯಿತು. ವಿದೇಶಿಯರಿಂದ ದುಡ್ಡು ತಗೊಂಡು ದೇಶ ಮಾರಿದವಳು ಎಂದು ಪಟ್ಟಂನ ಆಫೀಸಿನಲ್ಲಿ ಆಡಿಕೊಂಡರು. ಕೃಷ್ಣಕುಮಾರನ ಸರ್ಕಾರಿ ವಕೀಲಿಕೆಯ ಅವಧಿ ಮುಗಿದಾಗ ಮತ್ತೆ ನೇಮಿಸಲಿಲ್ಲ. ಅವನು ಕೋಪವನ್ನು ತೋರಿಸಿಕೊಳ್ಳದ ಮನುಷ್ಯ. ಖಾಸಗಿಯಾಗಿ ಕೇಸು ನಡೆಸಲು ಶುರುಮಾಡಿದ. ಆದರೆ ಆ ವಿಷಯ ಅವರಿಬ್ಬರ ನಡುವೆ ಮುಚ್ಚಿದ ಕೋಣೆಯಂತೆ ಉಳಿಯಿತು. ಅಪ್ಪನ ಜೊತೆಗಿರಲು ಕೊಚ್ಚಿಗೆ ಹೋದ ಅನನ್ಯ ಒಮ್ಮೆ ಫೋನಿನಲ್ಲಿ ಅಮ್ಮನ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರಿಸುತ್ತ, ನೀನು ಸುಮ್ಮನಿದ್ದಿದ್ದರೆ ನಾವಿಬ್ಬರೂ ಈಗ ಪಟ್ಟಂನಲ್ಲೇ ಇರುತ್ತಿದ್ದೆವಲ್ಲ ಎಂದಳು. ರಾಜಲಕ್ಷ್ಮಿಗೆ ಆ ಮಾತು ಎಲ್ಲರ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಹೀಗೆ ವರ್ಷಗಳು ಕಳೆದವು. ಅವಳಿಗೆ ಎರ್ನಾಕುಳಂಗೆ ವರ್ಗ ಸಿಕ್ಕಿ, ಮೂವರೂ ವೈಟ್ಟಿಲದ ಮನೆಯಲ್ಲಿ ಒಟ್ಟಿಗೆ ಇದ್ದ ಕಾಲದಲ್ಲಿ ಜುಬೈದಾ ಬಂದಳು.

ಜುಬೈದಾ ಕಾಸರಗೋಡಿನ ಉಪ್ಪಳದವಳು, ನರ್ಸಿಂಗ್ ಕಲಿತವಳು. ಕನ್ನಡ ಬಲ್ಲ ವಕೀಲರಿದ್ದಾರೆಂದು ಯಾರೋ ಹೇಳಿದ್ದಕ್ಕೆ ಕೃಷ್ಣಕುಮಾರನನ್ನು ಹುಡುಕಿಕೊಂಡು ಬಂದಿದ್ದಳು. ಕೊಚ್ಚಿಯ ಒಬ್ಬ ಏಜೆಂಟ್ ಅವಳನ್ನೂ ಅವಳ ಗೆಳತಿ ವಸಂತಿಯನ್ನೂ ಇನ್ನೂ ಕೆಲವರನ್ನೂ ಆಸ್ಪತ್ರೆಯ ಕೆಲಸವೆಂದು ನಂಬಿಸಿ ಹೊರದೇಶಕ್ಕೆ ಕರೆದುಕೊಂಡು ಹೋಗಿದ್ದ. ಅದು ವಿಕ್ಟರನ ದೇಶವೇ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಊರಾಚೆಯ ಹಂದಿ ಸಾಕುವ ತೋಟದಲ್ಲಿ ಕೂಡಿಹಾಕಿ ಕೆಲಸ ಮಾಡಿಸಿದ. ಹಿಮ ಬೀಳುವ ಕಾಲದಲ್ಲಿ ವಸಂತಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿದ್ದು ಜುಬೈದಾಳಿಗೆ ಗೊತ್ತಾಯಿತು, ಯಾವ ಔಷಧ ಬೇಕೆಂದೂ ಗೊತ್ತಿತ್ತು, ಬಾಗಿಲು ತೆರೆಯುವವರಿರಲಿಲ್ಲ. ವಸಂತಿ ಅವಳ ಮಡಿಲಲ್ಲಿ ತಲೆಯಿಟ್ಟು ಸತ್ತಳು. ಆ ಮೇಲೆ ಹೇಗೋ ತಪ್ಪಿಸಿಕೊಂಡು ಬಂದ ಜುಬೈದಾ ಕೊಚ್ಚಿಯಲ್ಲಿ ದೂರು ಕೊಟ್ಟಳು. ಆ ದೇಶದ ಪೊಲೀಸರು ಏಜೆಂಟನನ್ನು ಹಿಡಿದರು. ವಿಚಾರಣೆಗೆ ಅವನನ್ನು ನಮಗೆ ಒಪ್ಪಿಸಿ ಎಂದು ಭಾರತ ಕೇಳಿತು.

ಏಜೆಂಟನ ವಕೀಲ ಅಲ್ಲಿನ ಕೋರ್ಟಿನಲ್ಲಿ ಒಂದೇ ಮಾತು ಹಿಡಿದ: ಭಾರತಕ್ಕೆ ಕಳಿಸಿದರೆ ಠಾಣೆಯಲ್ಲಿ ಹಿಂಸೆ ಕೊಡುತ್ತಾರೆ. ಕೊಡುವುದಿಲ್ಲವೆಂದು ಭಾರತ ಲಿಖಿತ ಭರವಸೆ ಕಳಿಸಿತು. ಬರೆದವರು ಯಾರೋ, ಹಳೆಯ ವಾಕ್ಯವನ್ನೇ ಬರೆದಿದ್ದರು: ನಮ್ಮ ದೇಶದ ಠಾಣೆಗಳಲ್ಲಿ ಚಿತ್ರಹಿಂಸೆ ಎಂಬುದೇ ಇಲ್ಲ.

ಕೋರ್ಟು ಆ ಭರವಸೆಯನ್ನು ತಳ್ಳಿಹಾಕಿ, ಏಜೆಂಟನನ್ನು ಕಳಿಸುವುದಿಲ್ಲ ಎಂದಿತು. ತೀರ್ಪಿನ ಇಂಗ್ಲಿಷ್ ಪ್ರತಿಯನ್ನು ಕೃಷ್ಣಕುಮಾರ್ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದ. ಹಿಂಸೆ ಯಾವ ದೇಶದ ಠಾಣೆಯಲ್ಲೂ ನಡೆದುಬಿಡಬಹುದು, ನಮ್ಮಲ್ಲೂ ನಡೆದಿದೆ ಎಂದು ಅಲ್ಲಿನ ನ್ಯಾಯಾಧೀಶರು ಬರೆದಿದ್ದರು. ಅವರ ಮಾತು ಮುಂದುವರಿದಿತ್ತು: ಆದರೆ ನಮ್ಮ ನಾವಿಕ ಮರಳಿದಾಗ ಅವನ ಪಾದಗಳನ್ನು ನಮ್ಮ ವೈದ್ಯರೇ ನೋಡಿದ್ದಾರೆ. ಅದು ನಡೆದೇ ಇಲ್ಲ ಎಂದು ಹೇಳಿದ ಸರ್ಕಾರ ಇಂದು ಅದೇ ಮಾತಿನಲ್ಲಿ ಭರವಸೆ ಕೊಡುತ್ತಿದೆ. ಹಿಂದಿನದನ್ನು ನಂಬಲಾಗದ ಮೇಲೆ ಇದನ್ನು ನಂಬುವುದಕ್ಕೆ ಕಾರಣ ಕಾಣುವುದಿಲ್ಲ. ಮುಂದೆ ಇನ್ನೊಂದು ಸಾಲಿತ್ತು. ಆ ದೇಶದಲ್ಲಿ ಸತ್ಯ ಹೇಳಿದ ಒಬ್ಬ ದುಭಾಷಿಯಿದ್ದಳು, ಅವಳ ಮಾತನ್ನು ಅವಳ ಸರ್ಕಾರವೇ ಕೇಳಲಿಲ್ಲ.

ಕೃಷ್ಣಕುಮಾರ್ ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡ. ಎದುರಿಗೆ ಕೂತಿದ್ದ ಜುಬೈದಾ ತಗ್ಗಿದ ದನಿಯಲ್ಲಿ ಕೇಳಿದಳು:

"ಅವರು ನಾನು ಹೇಳಿದ್ದನ್ನು ಸುಳ್ಳು ಅಂದ್ರಾ ಸರ್?"

"ಇಲ್ಲಮ್ಮ. ನಿನ್ನ ಮಾತನ್ನು ನಂಬಿದ್ದಾರೆ," ಎಂದ ಅವನು. "ನಮ್ಮ ಮಾತನ್ನು ನಂಬ್ಲಿಲ್ಲ."

ಅವಳಿಗೆ ವ್ಯತ್ಯಾಸ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ರಾಜಲಕ್ಷ್ಮಿ ಬಂದು ಪಕ್ಕದಲ್ಲಿ ಕೂತು, ನಾವಿಕನ ಕಥೆಯನ್ನು ಮೊದಲಿನಿಂದ ಹೇಳಿದಳು. ಜುಬೈದಾ ಕೇಳಿ ಮುಗಿಸಿ, "ಹಾಗಾದ್ರೆ ವಸಂತಿಯ ಲೆಕ್ಕ ಅವತ್ತೇ ತಪ್ಪಿಹೋಗಿತ್ತು ಅಕ್ಕ," ಎಂದಳಷ್ಟೆ. ಆಗ ವಸಂತಿ ಇನ್ನೂ ಊರಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ.

ಮರುದಿನ ಬೆಳಿಗ್ಗೆ ಕೃಷ್ಣಕುಮಾರ್ ಹೆಂಡತಿಯ ಮುಂದೆ ಬಂದು ನಿಂತ. ವಿಕ್ಟರನ ಕೇಸನ್ನು ಮತ್ತೆ ತೆರೆಸಲು ಅರ್ಜಿ ಹಾಕುತ್ತೇನೆ, ನೀನು ಇನ್ನೊಮ್ಮೆ ಸಾಕ್ಷಿ ಹೇಳಬೇಕಾಗುತ್ತದೆ ಎಂದ. ಆ ಬೆಟ್ಟದ ಕಚೇರಿಯೂ ಆಡಿಕೊಂಡ ಮಾತುಗಳೂ ಅವಳಿಗೆ ಮರೆತಿರಲಿಲ್ಲ.

"ಅವತ್ತು ನಾನು ಹೇಳಿದ್ದು ನಿಮಗೆ ಬೇಡವಾಗಿತ್ತು," ಎಂದಳು.

"ಬೇಡವಾಗಿತ್ತು," ಎಂದ ಅವನು. "ನೀನು ದೇಶದ ಹೆಸರು ಕೆಡಿಸ್ತಿ ಅಂತ ಎಣಿಸಿದ್ದೆ. ಹೆಸರು ಕೆಡಿಸಿದ್ದು ನಾವು. ಆ ಫೈಲು ದಾಟಿಸಿ ಕೈ ತೊಳ್ಕೊಂಡೆ ನಾನು."

ಅವಳು ಹೂಂ ಎಂದಳು.

ಅರ್ಜಿ ತೆವಳಿಕೊಂಡು ಸಾಗಿತು. ಸರ್ಕಾರ ಮೊದಮೊದಲು ಹಳೆಯ ಉತ್ತರವನ್ನೇ ಕೊಟ್ಟಿತು. ಆದರೆ ಈ ಸಲ ವಿಷಯ ಒಬ್ಬ ನಾವಿಕನದಷ್ಟೇ ಆಗಿರಲಿಲ್ಲ. ಹೊರದೇಶಗಳಲ್ಲಿ ಅಡಗಿದ ಬೇರೆ ಕಳ್ಳರ ವಕೀಲರೂ ಆ ತೀರ್ಪನ್ನು ಹಿಡಿದು ವಾದಿಸತೊಡಗಿದ್ದರು. ಭಾರತ ಕೊಟ್ಟ ಭರವಸೆಯೆಂದರೆ ಅಲ್ಲಿನ ಕೋರ್ಟುಗಳು ಎರಡೆರಡು ಸಲ ತಿರುವಿ ನೋಡುತ್ತಿದ್ದವು. ತಿರುವನಂತಪುರದ ಸೆಕ್ರೆಟರಿಯೇಟಿನಲ್ಲೂ ಕೆಲವರಿಗೆ ಇದು ತಟ್ಟಿತು. ರಾಜಲಕ್ಷ್ಮಿ ಮತ್ತೆ ಸಾಕ್ಷಿಕಟ್ಟೆ ಹತ್ತಿದಳು. ಈ ಬಾರಿ ಅವಳ ರಷ್ಯನ್ ಬಗ್ಗೆ ಯಾರೂ ಕೇಳಲಿಲ್ಲ.

2009ರ ಕೊನೆಯಲ್ಲಿ ಒಂದು ಮಧ್ಯಾಹ್ನ, ಹೈಕೋರ್ಟಿನಲ್ಲಿ ಸರ್ಕಾರದ ವಕೀಲೆ ಎದ್ದು ನಿಂತು ಹೊಸ ಅಫಿಡವಿಟ್ ಓದಿದಳು. ಆ ನಾವಿಕನಿಗೆ ಪೊಲೀಸರ ವಶದಲ್ಲಿದ್ದಾಗಲೇ ಗಾಯಗಳಾಗಿದ್ದವು, ಬಚ್ಚಲಲ್ಲಿ ಬಿದ್ದನೆಂಬ ಹೇಳಿಕೆಗೆ ಆಧಾರವಿಲ್ಲ, ಇಬ್ಬರು ಪೊಲೀಸರ ಮೇಲೆ ಮೊಕದ್ದಮೆ ಹೂಡಲಾಗುವುದು. ಓದುವಾಗ ಅವಳ ದನಿ ತಗ್ಗಿತ್ತು. ಸ್ವಲ್ಪ ಗಟ್ಟಿಯಾಗಿ ಓದಿ ಎಂದು ನ್ಯಾಯಾಧೀಶರು ಹೇಳಬೇಕಾಯಿತು.

ಅಷ್ಟು ಹೊತ್ತಿಗೆ, ಅಲ್ಲೇ ಕೇಸು ನಡೆಸಲು ಸಾಕ್ಷಿಗಳಿಲ್ಲದೆ, ಏಜೆಂಟ್ ಬಿಡುಗಡೆಯಾಗಿ ಆ ದೇಶ ಬಿಟ್ಟು ಹೋಗಿದ್ದ. ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಜುಬೈದಾ ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಂದು ಡ್ಯೂಟಿಯ ಬಟ್ಟೆಯಲ್ಲೇ ಕೋರ್ಟಿಗೆ ಬಂದು ಹಿಂದಿನ ಬೆಂಚಿನಲ್ಲಿ ರಾಜಲಕ್ಷ್ಮಿಯ ಪಕ್ಕ ಕೂತು ಎಲ್ಲವನ್ನೂ ಕೇಳಿದಳು. ಮುಂದೆ ಅವನು ಇನ್ನೊಂದು ದೇಶದಲ್ಲಿ ಸಿಕ್ಕಿದರೆ ಕಳಿಸುತ್ತಾರಾ ಎಂದು ಕೇಳಿದಳು. ಕೃಷ್ಣಕುಮಾರ್ ಗೊತ್ತಿಲ್ಲ ಎಂದ. ಸುಳ್ಳು ಸಮಾಧಾನ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಮನೆಗೆ ಬಂದ ಮೇಲೆ ರಾಜಲಕ್ಷ್ಮಿ ಅರ್ಜಿಯ ಕಾಗದಗಳಲ್ಲಿದ್ದ ವಿಕ್ಟರನ ಮನೆಯ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಅವನ ತಾಯಿ. ಮಗ ಹಡಗಿನಲ್ಲಿದ್ದಾನೆ, ಬರುವುದು ವಸಂತಕಾಲಕ್ಕೆ ಎಂದರು. ಯಾವ ದೇಶದಿಂದ ಎಂದು ತಿಳಿದೊಡನೆ ಅವರ ದನಿ ಬಿಗಿಯಾಯಿತು. ನಿಮ್ಮವರು ಈಗ ಏನು ಹೇಳುತ್ತಾರೆ ಎಂದು ಕೇಳಿದರು.

ರಾಜಲಕ್ಷ್ಮಿ ನಿಧಾನವಾಗಿ, ರಷ್ಯನ್‌ನಲ್ಲಿ, ತಪ್ಪಾಗದಂತೆ ಮಾತು ಆರಿಸಿಕೊಂಡು ಹೇಳಿದಳು: "ಅದು ನಡೆದದ್ದು ಹೌದು ಅಂತ ಹೇಳಿದ್ದಾರೆ."

ಆ ಮುದುಕಿ, ಇನ್ನೊಂದು ಸಲ ಹೇಳಮ್ಮ ಎಂದರು. ರಾಜಲಕ್ಷ್ಮಿ ಮತ್ತೆ ಹೇಳಿದಳು.