ದೊಡ್ಡಮ್ಮನ ಸೋತ ಕೈ

ಹಸಿದು ಹಲಸು, ಉಂಡು ಮಾವು ಎನ್ನುತ್ತಾರೆ. ಉಂಡ ಮೇಲೂ ಹಲಸನ್ನೇ ತಿನ್ನುವ ನನ್ನಂಥವರಿಂದಲೇ ಹಲಸು ಮಾರುವ ದೊಡ್ಡಪ್ಪನ ಸಂಸಾರ ನಡೆಯಿತೆಂದು ನಾನು ಹೇಳಿಕೊಳ್ಳುವುದುಂಟು. ದೊಡ್ಡಮ್ಮ ಒಪ್ಪುವುದಿಲ್ಲ. "ನಿನ್ನನ್ನ ನಂಬಿದ್ರೆ ಎಂದೋ ಮುಳುಗ್ತಿದ್ವಿ ಕಣೋ. ತಿಂದದ್ದೆಲ್ಲ ಬಿಟ್ಟಿ!"

ಹಲಸನ್ನು ಮರದಿಂದ ಕೆಡವಬಾರದು, ಇಳಿಸಬೇಕು. ದೊಡ್ಡಪ್ಪ ಮರ ಹತ್ತಿ, ಹಣ್ಣಿನ ತೊಟ್ಟಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕೊಂಬೆಯ ಮೇಲಿಂದ ಹಾಯಿಸಿ ಕೆಳಗೆ ಬಿಡುತ್ತಿದ್ದರು. ಆ ತುದಿ ದೊಡ್ಡಮ್ಮನ ಕೈಯಲ್ಲಿ. ಮೇಲೆ ಕತ್ತಿಯೇಟು ಬಿದ್ದೊಡನೆ ಭಾರವೆಲ್ಲ ಅವಳ ಅಂಗೈಗೆ. ಹಣ್ಣು ನಿದ್ದೆಹೋದ ಮಗುವಿನಂತೆ ನೆಲ ಮುಟ್ಟುತ್ತಿತ್ತು. ಬೀದಿಯ ಯಾವ ಗಂಡಸಿಗೂ ಇಂಥ ಕೈ ಇಲ್ಲವೆಂಬ ಹೆಮ್ಮೆ ಅವಳಿಗೆ. ನಿಜಕ್ಕೂ ಯಾರಿಗೂ ಇರಲಿಲ್ಲ.

ಒಂದು ಬೆಳಿಗ್ಗೆ, ಶಾಲೆಯ ಹಿಂದಿನ ಎತ್ತರದ ಮರ. ನಾನೂ ಜೊತೆಗಿದ್ದೆ. ಗಾಳಿಯಿರಲಿಲ್ಲ, ಆದರೂ ಹಗ್ಗ ನಡುಗಿತು. ದೊಡ್ಡಮ್ಮ ತಲೆಯೆತ್ತಿದಳು. ಒಂದೇ ಎಳೆತಕ್ಕೆ ಕೂರುತ್ತಿದ್ದ ಗಂಟನ್ನು ದೊಡ್ಡಪ್ಪ ಮತ್ತೆ ಮತ್ತೆ ಹಾಕುತ್ತಿದ್ದರು. ವಯಸ್ಸಾಯಿತು, ಮರ ಸಾಕು ಎಂದು ಮಕ್ಕಳು ಗೋಗರೆದಾಗ, "ಸಾಕು ಅಂದ ದಿನ ನನ್ನ ಹೂತುಬಿಡಿ" ಎಂದಿದ್ದ ಮನುಷ್ಯ ಅವರು.

"ರೀ, ಇಳಿದು ಬನ್ನಿ! ನನ್ನ ಕೈ ಸೋತಿದೆ, ಹಗ್ಗ ನಿಲ್ತಿಲ್ಲ."

"ಈಗಲೇ ಸೋಲ್ಬೇಕಿತ್ತಾ ಅದು?"

"ಕೈ ಏನು ಹೇಳಿ ಕೇಳಿ ಸೋಲುತ್ತಾ? ಇಳೀರಿ ಅಂದ್ರೆ!"

ದೊಡ್ಡಪ್ಪ ಗೊಣಗುತ್ತಲೇ ಇಳಿದರು. ಹಗ್ಗ ನಾನು ಹಿಡಿಯುತ್ತೇನೆ ಎಂದೆ. ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ನೀನು ಹಿಡಿದ್ರೆ ಹಣ್ಣು ನೆಲಕ್ಕೆ ಬರಲ್ಲಪ್ಪ, ನೇರ ಅಲ್ಲಿಗೇ." ದೊಡ್ಡಮ್ಮನನ್ನಲ್ಲದೆ ಬೇರೆ ಯಾರನ್ನೂ ನಂಬದ ಅವರು ಮತ್ತೆ ಮರ ಹತ್ತಲಿಲ್ಲ. "ಇವಳ ಕೈ ಸೋತಿತು, ಇಲ್ಲದಿದ್ರೆ ನಾನೆಲ್ಲಿ ಬಿಡ್ತಿದ್ದೆ?" ಎಂದು ಬೀದಿಗೆಲ್ಲ ಸಾರಿದರು. ಅವಳ ಕೈಯಿಂದ ಕೊಡ ಕಸಿದುಕೊಂಡು ತಾವೇ ನೀರು ತಂದರು. ಸೊಸೆ "ಅಯ್ಯೋ ಪಾಪ" ಎಂದಳು. ಆ ಮಾತನ್ನೂ ದೊಡ್ಡಮ್ಮ ನುಂಗಿಕೊಂಡಳು.

ದೊಡ್ಡಪ್ಪ ಹೊರಗೆ ಹೋಗಿದ್ದಾಗೊಮ್ಮೆ, ಅವಳು ಭಾರೀ ಹಣ್ಣೊಂದನ್ನು ಸಲೀಸಾಗಿ ಸೊಂಟಕ್ಕೇರಿಸಿಕೊಂಡು ಅಡುಗೆಮನೆಗೆ ಬಂದಳು.

"ಇದೇನು ದೊಡ್ಡಮ್ಮ, ಕೈ ಸೋತಿದೆ ಅಂದಿದ್ದೆ?"

"ಬಾಯ್ಮುಚ್ಕೊಂಡು ತಿನ್ನು. ನಡುಗ್ತಿದ್ದದ್ದು ಅವರ ಕೈ. ಹಾಗಂದಿದ್ರೆ ಇನ್ನೂ ಒಂದು ಕೊಂಬೆ ಮೇಲೆ ಹತ್ತಿ ತೋರಿಸ್ತಿದ್ರು."

ನಾನು ಬಾಯಿ ಮುಚ್ಚಿಕೊಂಡೆ, ತಿನ್ನಲಷ್ಟೇ ತೆರೆದೆ.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ಹಾಸಿಗೆ ಹಿಡಿದರು. ಒಮ್ಮೆ ಅವರ ಮಗ್ಗುಲು ಬದಲಿಸಲು ಅವರ ಮಗನೂ ನಾನೂ ಏದುಸಿರು ಬಿಡುತ್ತಿದ್ದೆವು. ಅವರು ನೋವಿಗೆ ನರಳಿದರು. "ಪಕ್ಕಕ್ಕೆ ಸರೀರೋ" ಎಂದು ಬಂದ ದೊಡ್ಡಮ್ಮ ಎರಡೂ ತೋಳುಗಳನ್ನು ಅಡಿಗೆ ಹಾಕಿ, ಒಬ್ಬಳೇ ಎತ್ತಿ, ನಿಧಾನವಾಗಿ ಹೊರಳಿಸಿದಳು.

ದೊಡ್ಡಪ್ಪ ಅವಳ ಕೈ ಹಿಡಿದುಕೊಂಡರು. "ಗಟ್ಟಿಯಾಗೇ ಇದೆಯಲ್ಲೇ ಕೈ."

"ಎಲ್ಲಿ ಗಟ್ಟಿ? ನೀವೇ ಹಗುರಾಗಿದ್ದೀರಿ."

ಹಗ್ಗ ಉಜ್ಜಿ ಜಡ್ಡುಗಟ್ಟಿದ ಅವಳ ಅಂಗೈಯನ್ನು ಅವರು ಬೆರಳಿನಿಂದ ಸವರಿದರು.

"ಹೂಂ" ಎಂದರು ಕೊನೆಗೆ. "ಹಾಗೇ ಇರಲಿ."

ಹಿಡಿದ ಕೈ ಬಿಡಲಿಲ್ಲ.