ಹಿತ್ತಲ ಅವರೆಬಳ್ಳಿ ಸುತ್ತುವ ಕಡೆ

ನಾನು ಬಟ್ಟೆಯ ಮೇಲೆ ಚಿತ್ರ ಒತ್ತುವುದನ್ನು ಅಮ್ಮ ಮೊದಲಿನಿಂದಲೂ ಆಟ ಎಂದೇ ಕರೆಯುತ್ತಿದ್ದಳು. ಬರಗೂರಿನ ನೆಂಟರು ಬಂದು ಮಗಳೆಲ್ಲಿ ಎಂದರೆ, "ಒಳಗೆ ಆಟ ಆಡ್ತಾವ್ಳೆ" ಅನ್ನುವಳು. ನನಗೆ ಮೈ ಉರಿಯುತ್ತಿತ್ತು. ಕೆಲಸ ಎಂದರೆ ಅವಳಿಗೆ ಹೊಲದ್ದು ಮಾತ್ರ.

ಕೊಂಡು ತಂದ ಮರದ ಅಚ್ಚುಗಳಲ್ಲಿ ಮಾವಿನಕಾಯಿ, ನವಿಲು ಒತ್ತಿ ಒತ್ತಿ ಬೇಸರ ಬಂದಿತ್ತು. ಹೋದ ವರ್ಷ, ಕೆತ್ತಲು ಮರಕ್ಕಿಂತ ಮೆತ್ತಗಿರುವ ಲಿನೋಲಿಯಂ ಹಾಳೆ ತರಿಸಿ, ನನ್ನದೇ ಅಚ್ಚು ಕೊರೆಯಲು ಕೂತೆ. ಸಣ್ಣ ಉಳಿಯಿಂದ ಬೇಡದ್ದನ್ನು ಕೆತ್ತಿ ತೆಗೆದರೆ ಮಿಕ್ಕ ಭಾಗ ಬಣ್ಣ ಹಿಡಿಯುತ್ತದೆ. ಶಿರಾದ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಹಾಕಿದ ಚಪ್ಪರದವರೆ ಇತ್ತು. ಅದನ್ನೇ ನೋಡಿಕೊಂಡು ಬರೆದೆ: ಗಳಕ್ಕೆ ಸುತ್ತಿಕೊಂಡು ಏರುವ ಬಳ್ಳಿ, ನೇರಳೆ ಹೂ, ಕಾಯಿ. ಅಮ್ಮನಿಗೊಂದು ಸೀರೆ ಮಾಡಿ, ಅವಳ ಬಾಯಿಂದಲೇ ಇದು ಕೆಲಸ ಅನ್ನಿಸಬೇಕು ಎಂಬ ಹಟ.

ಆರು ದಿನ ಒತ್ತಿದ ಸೀರೆಯನ್ನು ಅವಳ ಮುಂದೆ ಹರಡಿದೆ. ಸೆರಗನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಚೆಂದಾಗೈತೆ. ಆದ್ರೆ ಬಳ್ಳಿ ಇಂಗೆ ಸುತ್ತಲ್ಲ ಕಣಮ್ಮ."

"ಅದು ಹೆಂಗೆ ಬೇಕಾದ್ರೂ ಸುತ್ತುತ್ತೆ, ಬುಡು!" ಎಂದು ರೇಗಿ ಹಿತ್ತಲಿಗೆ ಹೋದೆ. ಒಂದೊಂದೇ ಗಳ ನೋಡಿದೆ. ಎಲ್ಲ ಬಳ್ಳಿಗಳೂ ಒಂದೇ ಕಡೆಗೆ ಸುತ್ತಿದ್ದವು, ನನ್ನ ಸೀರೆಯಲ್ಲಿದ್ದುದಕ್ಕೆ ಸರಿಯಾಗಿ ತಿರುಗಾಮುರುಗಾ. ಸಿಟ್ಟಿನಲ್ಲಿ ಒಂದು ಕುಡಿಯನ್ನು ಬಿಚ್ಚಿ ಸೀರೆಯಲ್ಲಿದ್ದಂತೆ ಸುತ್ತಿಬಿಟ್ಟು ಬಂದೆ. ಮಾರನೆಯ ಬೆಳಿಗ್ಗೆ ಅದು ಕಳಚಿಕೊಂಡು ತನ್ನ ದಾರಿ ಹಿಡಿದಿತ್ತು.

ನಗು ಬಂತು, ನಾಚಿಕೆಯೂ ಆಯಿತು. ಕಂಡದ್ದನ್ನು ಕಂಡ ಹಾಗೇ ಕೊರೆದಿದ್ದೆ. ಒತ್ತಿದಾಗ ಎಡ ಬಲವಾಗುತ್ತದೆ ಎಂಬುದನ್ನೇ ಮರೆತಿದ್ದೆ. ಮಾವಿನಕಾಯಿ ಯಾವ ಕಡೆ ತಿರುಗಿದರೂ ಯಾರೂ ಕೇಳುವುದಿಲ್ಲ. ಅವರೆಬಳ್ಳಿ ಹಾಗಲ್ಲ.

ಈ ಸಲ ಚಿತ್ರವನ್ನು ಮಗುಚಿ ಹಾಳೆಗೆ ಇಳಿಸಿದೆ. ಅಮ್ಮ ಮೊದಲ ಬಾರಿಗೆ ಪಕ್ಕದಲ್ಲಿ ಬಂದು ಕೂತಳು. "ಕಾಯಿ ತುದಿ ಇನ್ನೊಸಿ ಬಗ್ಗಬೇಕು" ಎಂದಳು. ಬಗ್ಗಿಸಿದೆ. ಹೊಸ ಸೀರೆ ಒಣಗಿದ ಮೇಲೆ ಅದರ ಬಳ್ಳಿಯ ಮೇಲೆ ಬೆರಳಾಡಿಸಿ, "ಊಂ, ಈಗ ಹತ್ತುತ್ತೆ" ಎಂದಳು. ಕೆಲಸ ಎಂಬ ಮಾತು ಮಾತ್ರ ಬರಲಿಲ್ಲ.

ಅದನ್ನು ಉಟ್ಟು ನನ್ನ ಜೊತೆ ತಾವರೆಕೆರೆಗೆ ಹೊರಟಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗು ಮುಟ್ಟಿ, "ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು.

"ತಗೊಂಡಿದ್ದಲ್ಲ. ನನ್ ಮಗಳ ಕೆಲ್ಸ. ಒಂದ್ಸಲ ಕೆಟ್ಟೋಗಿತ್ತು, ಮತ್ತೆ ಮಾಡಿದ್ಲು."

ಮೊಳೆಯದ ಹೊಲಕ್ಕೆ ಮತ್ತೆ ಬಿತ್ತಿದ್ದನ್ನು ಹೇಳುವ ದನಿಯಲ್ಲೇ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅವತ್ತು ನಾನು ಉಟ್ಟಿದ್ದು ಆ ಕೆಟ್ಟ ಸೀರೆಯನ್ನೇ.