ಗೌಡರ ಮನೆಯ ಸಕ್ಕರೆ

ಅಕ್ಕವ್ವಾ, ಅಪ್ಪೂ, ಪುಟ್ಟೀ,

ಹೋದ ಸಲ ನನ್ನ ತವರೂರಿನ ಶಾಲೆ ನೋಡಿ ಬಂದು, ಅಲ್ಲಿಯ ಗೋಡೆಗೆ ಹಾಕಿದ ಎರಡು ಪಟಗಳ ಬಗ್ಗೆ ಕೇಳಿದಿರಿ. ಒಂದರಲ್ಲಿ ಬಿಳಿ ಟೊಪ್ಪಿಗೆಯ ಗೌಡರು, ಇನ್ನೊಂದರಲ್ಲಿ ಕರಿ ಕೋಟಿನ ವಕೀಲರು. ಕೆಳಗೆ, ನಿರ್ಭೀತ ಮಾತಿಗಾಗಿ ಹೋರಾಡಿದವರು ಎಂದು ಬರೆದಿದೆಯಂತೆ. ‘ಇವರು ನಿನಗ ಗೊತ್ತೇನಬೇ ಆಯಿ?’ ಎಂದಿರಿ. ನಾನು ಒಲೆಯ ಕಡೆ ತಿರುಗಿಬಿಟ್ಟೆ. ಎದುರಿಗೆ ಮುಖಗಳಿದ್ದರೆ ನನಗೆ ಮಾತು ಹೊರಡುವುದಿಲ್ಲ, ಅವು ಮೊಮ್ಮಕ್ಕಳ ಮುಖಗಳಾದರೂ ಸರಿ. ಅದಕ್ಕೇ ಬರೆಯುತ್ತಿದ್ದೇನೆ. ಗೊತ್ತು. ಇಬ್ಬರೂ ಚೆನ್ನಾಗಿ ಗೊತ್ತು.

ಅದು ನಿಜಾಮರ ಕಾಲ. ಯಲಬುರ್ಗಾಕ್ಕೆ ಹತ್ತಿರದ ನಮ್ಮೂರಿನಲ್ಲಿ ಸರಕಾರಿ ಶಾಲೆ ಇರಲಿಲ್ಲ. ದೊಡ್ಡ ಊರುಗಳಲ್ಲಿ ಇದ್ದ ಶಾಲೆಗಳಲ್ಲಿ ಕಲಿಸುವುದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಯಾರಾದರೂ ಕನ್ನಡ ಕಲಿಸುತ್ತೇನೆಂದರೆ ಅದು ಖಾಸಗಿ ಶಾಲೆ. ಅದಕ್ಕೆ ಇಜಾಜತ್ ಬೇಕು, ಅಂದರೆ ಮೇಲಿನವರ ಅಪ್ಪಣೆ. ಸಭೆ ಸೇರಲು ಇಜಾಜತ್, ಭಾಷಣಕ್ಕೆ ಇಜಾಜತ್. ಗಡಿಯಾಚೆ, ಬ್ರಿಟಿಷರ ಸೀಮೆಯ ಗದಗು, ಹುಬ್ಬಳ್ಳಿಯ ಕಡೆಯಿಂದ ಬರುವ ಕೆಲವು ಕನ್ನಡ ಪತ್ರಿಕೆಗಳಿಗಂತೂ ಬಾಗಿಲೇ ಬಂದ್. ಸಿಕ್ಕರೆ ಜೇಲು. ಅಷ್ಟು ದೊಡ್ಡ ರಾಜ್ಯ, ಅಷ್ಟು ತುಪಾಕಿ, ಅಷ್ಟು ಕುದುರೆ, ಹೆದರಿದ್ದು ಮಾತ್ರ ಹಾಳೆಗೆ.

ಗಡಿಯಾಚೆಯಿಂದಲೇ ಬಂದ ಒಬ್ಬ ಮಾಸ್ತರರು ಮಠದ ಪಡಸಾಲೆಯಲ್ಲಿ ನಮಗೆ ಕಲಿಸುತ್ತಿದ್ದರು. ಸರತಿಯಂತೆ ಮನೆಮನೆಯಲ್ಲಿ ಊಟ. ಹುಡುಗಿಯರನ್ನೂ ಕೂಡಿಸಿಕೊಳ್ಳುತ್ತಿದ್ದರು, ನಾವು ಕಂಬದ ಹಿಂದೆ ಕೂರುತ್ತಿದ್ದೆವು. ಇಜಾಜತ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಅದು ಕೈಗೆ ಬರುವವರೆಗೆ ಶಾಲೆ ಒಂದು ಉಸಿರಿನ ಮೇಲೆ ನಿಂತ ಹಾಗೆ. ಗದಗಿಗೆ ಹೋಗುವವರ ಕೈ ಹಿಡಿದು ಹೇಳುತ್ತಿದ್ದರು: ‘ನನಗಂತ ಒಂದು ಪೇಪರೂ ತರಬ್ಯಾಡ್ರಿ. ಓದಬೇಕಂತ ಜೀವ ಬಡಕೋತೈತಿ, ಖರೆ. ಆದ್ರ ಈ ಹುಡುಗೂರ ಸಾಲಿ ಮುಚ್ಚಸ್ತಾರ.’

ಅಂಥ ಪತ್ರಿಕೆ ಊರಿನಲ್ಲಿ ಇರಲೇ ಇಲ್ಲವೆಂದಲ್ಲ. ಗೌಡರ ಮನೆಯಲ್ಲಿ ರಾಶಿ ಇತ್ತು. ಅವರ ಸಕ್ಕರೆ, ಏಲಕ್ಕಿ, ಊದುಬತ್ತಿ ಎಲ್ಲ ಗದಗಿನ ಅಂಗಡಿಯಿಂದ, ಸುಂಕದ ನಾಕೆ ತಪ್ಪಿಸಿ, ಎತ್ತಿನ ಗಾಡಿಯ ಹೊಟ್ಟಿನ ಅಡಿಯಲ್ಲಿ ಬರುತ್ತಿದ್ದವು. ಅಂಗಡಿಯವನು ಕಟ್ಟಿಕೊಡುತ್ತಿದ್ದುದು ಹಳೆಯ ಪತ್ರಿಕೆಯಲ್ಲಿ. ಗೌಡಸಾನಿ ಆ ಹಾಳೆಗಳನ್ನು ಬಿಡಿಸಿ, ಮಡಿಸಿ, ಕಾಳಿನ ಗಡಿಗೆಗಳಿಗೆ ಮುಚ್ಚುತ್ತಿದ್ದಳು. ಗೌಡರಿಗೆ ಅಕ್ಷರ ಬರುತ್ತಿತ್ತು. ಆದರೆ ಅವರು ಓದಿದ್ದನ್ನು ನಾನಂತೂ ಕಂಡಿಲ್ಲ. ಒಂದು ರಾಜ್ಯವೇ ನಡುಗುವ ಹಾಳೆಯ ಕೆಳಗೆ ಅವರ ಮನೆಯ ಹೆಸರುಕಾಳು ನಿಶ್ಚಿಂತೆಯಾಗಿ ಇತ್ತು.

ಕಡೆಗೂ ತಾಲೀಮಿನ ಸಾಹೇಬರು, ಶಾಲೆಗಳನ್ನು ನೋಡುವ ಅಧಿಕಾರಿ, ಕೊಪ್ಪಳದಿಂದ ಬರುವ ದಿನ ಗೊತ್ತಾಯಿತು. ಅವರು ಹೂಂ ಎಂದರೆ ಶಾಲೆ ಉಳಿಯಿತು. ಸಾಹೇಬರಿಗೆ ಕನ್ನಡ ಬಾರದು; ಕನ್ನಡದ ಶಾಲೆಯನ್ನು ಪರೀಕ್ಷೆ ಮಾಡಲು ಅದು ಅಡ್ಡಿಯೆಂದು ಯಾರಿಗೂ ಅನ್ನಿಸಲಿಲ್ಲ. ಮಾಸ್ತರರಿಗೆ ಉರ್ದು ಬಾರದು. ನಡುವೆ ಮಾತು ದಾಟಿಸಲು ವಕೀಲರು ಇದ್ದರು. ಹೈದರಾಬಾದಿನಲ್ಲಿ ಓದಿ ಬಂದವರು. ಗೌಡರ ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ, ವಿಲಾಯತಿನಲ್ಲಿ ಯಾರು ಬೇಕಾದರೂ ರಾಜನನ್ನೇ ಬಯ್ಯಬಹುದಂತೆ ಎಂದು ಹೇಳುತ್ತಿದ್ದರು. ಬೀದಿಯಲ್ಲಿ ಜವಾನ ಕಂಡರೆ ದನಿ ತಗ್ಗುತ್ತಿತ್ತು.

ದೊಡ್ಡವರು ಊರಿಗೆ ಬಂದರೆ ಹುಡುಗಿಯರ ಕೈಯಲ್ಲಿ ತಟ್ಟೆ ಕೊಡಿಸುವುದು ನಮ್ಮ ರೂಢಿ: ತೆಂಗಿನಕಾಯಿ, ಎಲೆ ಅಡಿಕೆ, ಒಂದು ಪೊಟ್ಟಣ ಸಕ್ಕರೆ. ಸಕ್ಕರೆ ಇದ್ದದ್ದು ಗೌಡರ ಮನೆಯಲ್ಲಿ ಮಾತ್ರ. ತಟ್ಟೆ ತರಲು ನನ್ನನ್ನು ಕಳಿಸಿದರು. ಗೌಡಸಾನಿ ನನ್ನ ಕಣ್ಣೆದುರೇ ಗಡಿಗೆಯ ಮೇಲಿನ ಹಾಳೆ ತೆಗೆದು, ಕಾಳಿನ ಧೂಳು ಝಾಡಿಸಿ, ಸಕ್ಕರೆ ಸುರಿದು ದಾರ ಸುತ್ತಿದಳು. ಹಾಳೆ ಯಾವುದು ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅದು ಸಕ್ಕರೆಯ ಹಾಳೆ, ಅಷ್ಟೇ.

ಸಾಹೇಬರು ನಾನು ನೀಡಿದ ತಟ್ಟೆ ಮುಟ್ಟಿ ಪಕ್ಕದ ಜವಾನನಿಗೆ ಕೊಟ್ಟರು. ನಮ್ಮ ಪಾಠ ಕೇಳಿದರು. ಮಗ್ಗಿ ಕೇಳಿ ತಲೆದೂಗಿದರು. ಎಲ್ಲ ಒಳ್ಳೆಯದೇ ಆಗುವ ಹಾಗಿತ್ತು. ಜವಾನ ಕಂಬಕ್ಕೆ ಒರಗಿ, ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಹಾಳೆಯ ಮೇಲ್ಭಾಗ ನೋಡಿದವನೇ ಹಾವು ಕಂಡವನಂತೆ ಚಿಮ್ಮಿ ನಿಂತ. ಅವನು ಮೊದಲು ಸುಂಕದ ನಾಕೆಯಲ್ಲಿ ಇದ್ದವನು; ಪತ್ರಿಕೆಯ ಹಣೆಯ ಮೇಲಿನ ಚಿತ್ರ ನೋಡಿ ಹಿಡಿಯಬೇಕೆಂದು ಅವನಿಗೆ ಕಲಿಸಿದ್ದರು. ಅಕ್ಷರ ಒಂದೂ ಬಾರದು. ಓದಲು ಬಾರದವನಿಗೆ, ಊರು ಏನು ಓದಬಾರದು ಎಂದು ನೋಡುವ ಕೆಲಸ.

ಅವನು ಹಾಳೆ ಮುಂದೆ ಹಿಡಿಯುತ್ತಲೇ ಸಾಹೇಬರ ಮುಖ ಬದಲಾಯಿತು. ಯಾರದು ಇದು ಎಂದು ಉರ್ದುವಿನಲ್ಲಿ ಗುಡುಗಿದರು.

ಊರ ಹಿರಿಯರೆಲ್ಲ ಅಲ್ಲೇ ಇದ್ದರು. ಸಕ್ಕರೆ ಯಾರ ಮನೆಯದೆಂದು ಅವರೊಳಗೆ ಗೊತ್ತಿಲ್ಲದವರು ಯಾರು? ಒಬ್ಬ ರುಮಾಲು ಸರಿಮಾಡಿಕೊಂಡ. ಒಬ್ಬ ಮಠದ ತೊಲೆಗಳನ್ನು ಈಗಷ್ಟೇ ಕಂಡವನಂತೆ ನೋಡತೊಡಗಿದ. ಗೌಡರು ಬಾಯಿ ಬಿಡಲಿಲ್ಲ. ಹಾಳೆ ತಮ್ಮದೆಂದರೆ ಸಕ್ಕರೆಯೂ ತಮ್ಮದು. ಸಕ್ಕರೆ ತಮ್ಮದೆಂದರೆ ನಾಕೆಯ ಸುಂಕ ಎಲ್ಲಿ?

ವಕೀಲರು ನನ್ನ ಕಡೆ ಬಾಗಿದರು. ‘ಹೇಳಬೇ ತಂಗಿ, ಈ ಹಾಳಿ ಯಾರು ಕೊಟ್ರು? ಹೆದರಬ್ಯಾಡ.’

ನಾನು ಇದ್ದದ್ದನ್ನೇ ಹೇಳಿದೆ. ‘ಗೌಡ್ರ ಮನ್ಯಾಗ ಕಟ್ಟಿಕೊಟ್ಟಾರ್ರಿ. ಗೌಡಸಾನಿಯವ್ರು.’

ವಕೀಲರು ಸಾಹೇಬರ ಕಡೆ ತಿರುಗಿ ಉರ್ದುವಿನಲ್ಲಿ ಹೇಳಿದರು. ನಾನು ಗೌಡರ ಮನೆ ಎಂದಿದ್ದೆ. ಅವರ ಬಾಯಿಂದ ಬಂದದ್ದು ಮಾಸ್ತರ್. ಅಷ್ಟು ಉರ್ದು ನಮ್ಮ ಊರಿನ ಕೋಳಿಗೂ ತಿಳಿಯುತ್ತಿತ್ತು. ನಾನು ಬಾಯಿ ತೆರೆದು ಆಡಿದ ಮೊದಲ ದೊಡ್ಡ ಮಾತು ಅದು, ಅದನ್ನು ನನ್ನ ಎದುರೇ ಬಟ್ಟೆ ಬದಲಿಸಿ ಕಳಿಸಿದರು.

ಮಾಸ್ತರರಿಗೂ ತಿಳಿಯಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ವಕೀಲಸಾಹೇಬ್ರ, ಆ ಹುಡುಗಿ ಹೇಳಿದ್ದನ್ನ ಹೇಳ್ರಿ. ಆ ಹಾಳಿ ನಂದಲ್ಲ. ನಂದಾಗಿದ್ರ ಸಕ್ರಿ ಕಟ್ಟತಿದ್ದಿಲ್ಲ, ಓದತಿದ್ದೆ!’

ವಕೀಲರು ಇದನ್ನೂ ದಾಟಿಸಿದರು, ಕೊನೆಯ ಶಬ್ದ ಒಂದನ್ನೇ. ಮಾಸ್ತರ್ ಓದುತ್ತಾನಂತೆ.

ಶಾಲೆ ಅಂದೇ ಮುಚ್ಚಿತು. ಮಾಸ್ತರರನ್ನು ಗಡಿ ದಾಟಿಸಿದರು. ಅವರ ಚೀಲದಲ್ಲಿ ಎರಡು ಧೋತರ, ಒಂದು ತಂಬಿಗೆ ಇದ್ದವೇ ಹೊರತು ಒಂದು ತುಂಡು ಪತ್ರಿಕೆ ಸಿಗಲಿಲ್ಲ. ಮುಂದೆ ಅವರು ಏನಾದರೋ ನನಗೆ ತಿಳಿಯದು. ಪಡಸಾಲೆಯಲ್ಲಿ ಗೌಡರ ಎತ್ತುಗಳನ್ನು ಕಟ್ಟಿದರು. ಅವಕ್ಕೆ ಇಜಾಜತ್ ಬೇಕಿರಲಿಲ್ಲ.

ನಾನು ಮದುವೆಯಾಗಿ ಕುಷ್ಟಗಿಯ ಕಡೆ ಬಂದೆ. ನಿಜಾಮರ ಆಳ್ವಿಕೆ ಹೋಯಿತು. ಹೋದ ಕೆಲವೇ ದಿನಗಳಲ್ಲಿ ನಮ್ಮ ಗೌಡರ ತಲೆಯ ಮೇಲೆ ಬಿಳಿ ಟೊಪ್ಪಿಗೆ ಬಂತು. ಎಷ್ಟು ಬೇಗ ಬಂತೆಂದರೆ, ಮೊದಲೇ ಹೊಲಿಸಿ ಇಟ್ಟಿದ್ದರೇನೋ. ತವರಿಗೆ ಹೋದಾಗ ಊರಿಗೆ ಹೊಸ ಕನ್ನಡ ಶಾಲೆ, ಅದೇ ಇಂದಿನ ಶಾಲೆ, ತೆರೆಯುವ ಸಮಾರಂಭ. ಹೆಂಗಸರ ಸಾಲಿನಲ್ಲಿ, ಹಿಂದೆ, ಸೆರಗು ಎಳೆದುಕೊಂಡು ಕೂತೆ. ವಕೀಲರು ಮಾತಿನ ಸ್ವಾತಂತ್ರ್ಯದ ಬಗ್ಗೆ ಬೆವರುವವರೆಗೆ ಭಾಷಣ ಮಾಡಿದರು. ಆಮೇಲೆ ಗೌಡರು ಎದ್ದರು.

‘ಆ ಕಾಲದಾಗ ಪೇಪರ್ ಇಟ್ಟುಕೊಂಡ್ರ ಜೇಲು. ಆದ್ರೂ ಅಂಜಲಿಲ್ಲ. ಗದಗಿನಿಂದ ನಮ್ಮ ಮನಿಗೆ ಪೇಪರ್ ಬರೂದು ಒಂದು ದಿನ ನಿಂತಿಲ್ಲ!’

ಚಪ್ಪಾಳೆ. ಅಂದು ತೊಲೆ ನೋಡಿದವನೂ ತಟ್ಟಿದ.

ನಾನು ಪಕ್ಕದವಳ ಕಿವಿಯಲ್ಲಿ ಅಂದೆ, ‘ಹೌದು, ಸಕ್ರಿ ಸುತಗೊಂಡು ಬರ್ತಿತ್ತು.’

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮುಂದಿನವಳಿಗೆ ಹೇಳಿದಳು. ಆಕೆ ತನ್ನ ಅತ್ತೆಗೆ. ನಗು ಸಾಲಿನಿಂದ ಸಾಲಿಗೆ ದಾಟಿ ಗಂಡಸರ ಕಡೆ ಹೋಯಿತು. ಯಾರೋ ಮುದುಕ ಗಟ್ಟಿಯಾಗಿಯೇ ಕೂಗಿದ: ‘ಗೌಡ್ರ, ಆ ಸಕ್ರಿದು ಸುಂಕ ಕಟ್ಟೀರೇನ್ರಿ?’ ವೇದಿಕೆಯ ಮೇಲೆ ಗೌಡರ ಮಾತು ನಿಂತಿತು. ಮತ್ತೆ ಶುರುವಾಗಲಿಲ್ಲ.

ವಕೀಲರು ಎದ್ದು ಕೈ ಎತ್ತಿದರು. ‘ಹೆಣ್ಮಕ್ಕಳು ಸುಮ್ಮ ಕುಂಡ್ರಬೇಕ್ರಿ! ಇದು ಮಾತಾಡೂ ಜಾಗ ಅಲ್ಲ!’

ಮಾತಿನ ಸ್ವಾತಂತ್ರ್ಯದ ಭಾಷಣ ಮುಗಿಸಿ ಅವರು ಇನ್ನೂ ನೀರು ಕುಡಿದಿರಲಿಲ್ಲ.

ಅಷ್ಟಾದರೂ ಪಟ ಗೋಡೆಗೆ ಏರಿತು. ಏರಲಿ. ಮಾಸ್ತರರ ಪಟ ಇಲ್ಲ. ಅವರ ಫೋಟೋ ತೆಗೆಯುವವರು ಆಗ ಯಾರಿದ್ದರು? ಅಂದು ನಾನು ಹೇಳಿದ್ದು ಸಾಹೇಬರಿಗೆ ಮುಟ್ಟಲಿಲ್ಲ. ನಡುವೆ ಒಬ್ಬ ವಕೀಲ ನಿಂತಿದ್ದ. ಈ ಹಾಳೆಗಳಿಗೂ ನಿಮಗೂ ನಡುವೆ ಯಾರೂ ಇಲ್ಲ, ಆದ್ದರಿಂದ ಇವನ್ನು ನಾನು ಬರೆದ ಹಾಗೆಯೇ ಇಟ್ಟುಕೊಳ್ಳಿ. ಗೆದ್ದಲು ಹತ್ತದಂತೆ, ನೀರು ತಾಗದಂತೆ. ಅಡುಗೆಮನೆಯಲ್ಲಿ ಹಾಳೆ ಸಾಲದೆ ಎಂದಾದರೂ ಇದರಲ್ಲಿ ಸಕ್ಕರೆ ಕಟ್ಟಿ ಕಳಿಸಿದಿರೋ, ಯಾರ ಮನೆಯದೆಂದು ಕೇಳಿದಾಗ ನಮ್ಮದೇ ಎನ್ನಿ.